ಪಾಕ್ ಲುರಾನಿಗೆ ಬಾಡಿದ ಸೊಪ್ಪು

ಕಸ್ಮದಿ ಮೀನುಗಾರಿಕೆಯ ಹಡಗಿಗೆ ಹೊರಟು ನಿಂತ ಬೆಳಿಗ್ಗೆ ಹೆಂಡತಿಗೆ ಹೇಳಿದ್ದೆಲ್ಲ ಪ್ರಾಣಿಗಳ ಊಟದ ಮಾತು. ಬೇರೆ ಯಾವ ಗಂಡಸಾದರೂ ಎರಡು ವರ್ಷಕ್ಕೆ ಮನೆ ಬಿಡುವಾಗ ಹುಷಾರಾಗಿರು, ಅಳಬೇಡ ಎಂದು ನಾಲ್ಕು ಒಳ್ಳೆಯ ಮಾತಾಡುತ್ತಾನೆ. ಈ ಮಹಾರಾಯ ಜಗಲಿಯ ಮೇಲೆ ಚೀಲ ಇಟ್ಟುಕೊಂಡು, ಪಿಕಳಾರದ ಪಂಜರ, ಬೆಕ್ಕು, ಮೊಲದ ಗೂಡು ಮೂರನ್ನೂ ಬೆರಳು ಮಾಡಿ ತೋರಿಸುತ್ತ ಕೂತಿದ್ದ.

"ಹಕ್ಕಿಗೆ ಸೌತೆಕಾಯಿ ಬಿಲ್ಲೆ ಮಾಡಿ ತಂತಿಗೆ ಸಿಕ್ಕಿಸು. ಪರಂಗಿಹಣ್ಣೂ ಕೊಡಬಹುದು. ಬೆಣ್ಣೆಹಣ್ಣು ಮಾತ್ರ ಅದರ ಹತ್ರ ಸುಳೀಬಾರ್ದು, ಅದು ಹಕ್ಕಿಗೆ ವಿಷ. ಬೆಕ್ಕಿಗೆ ಮೀನಿನ ಜೊತೆ ಒಂಚೂರು ಬೇಯಿಸಿದ ಕುಂಬಳಕಾಯಿ ಕಿವುಚಿ ಹಾಕು. ನಿನ್ನ ಹುರಿದ ಈರುಳ್ಳಿ ಅದರ ತಟ್ಟೆಗೆ ಬೀಳದ ಹಾಗೆ ನೋಡ್ಕೋ. ಇನ್ನು ನಮ್ಮ ಪಾಕ್ ಲುರಾ..."

"ಗೊತ್ತು ಕಾಂಗ್. ಅವರಿಗೆ ಹುಲ್ಲು, ಮೇಲೆ ಒಂದು ಹಿಡಿ ನನ್ನ ಅಂಗಡಿ ಸೊಪ್ಪು," ಅಂದಳು ತರ್ಸಿನಾ. ನಮ್ಮ ಕಡೆ ಹೆಂಗಸರು ಅಣ್ಣನನ್ನು ಕರೆದಂತೆ ಗಂಡನನ್ನೂ ಕಾಂಗ್ ಎಂದೇ ಕರೆಯುವುದು. "ಮೊಲಕ್ಕೆ ಏನು ಹಾಕ್ಬೇಕು ಅಂತ ಇಷ್ಟು ಹೇಳ್ತೀಯಲ್ಲ, ಹೆಂಡ್ತಿಗೆ ಏನು ಹಾಕ್ಬೇಕು ಅಂತ ಯಾರಿಗಾದ್ರೂ ಹೇಳಿದ್ದೀಯಾ?"

"ನಿನಗ್ಯಾರು ಹಾಕ್ಬೇಕು? ಊರಿಗೆಲ್ಲ ತರಕಾರಿ ಹಾಕೋಳು ನೀನೇ." ನಕ್ಕವನು ಮತ್ತೆ ಗೂಡಿನ ಕಡೆ ತಿರುಗಿ, "ಬಾಡಿದ್ದೇ ಹಾಕು ತರ್ಸಿ. ಹಸೀದು ಬೇಡ. ನೆನಪಿರ್ಲಿ," ಎಂದ.

ತರ್ಸಿನಾಳ ಮುಖ ಸಣ್ಣದಾಯಿತು. ಇವನು ಆ ಮಾತನ್ನು ಇನ್ನೂ ಮರೆತಿಲ್ಲ ಎಂದುಕೊಂಡಳು. ಏನಾದರೂ ಹೇಳೋಣ ಎನ್ನುವಷ್ಟರಲ್ಲಿ ಬೀದಿಯಲ್ಲಿ ಪಿಕಪ್ ಗಾಡಿಯವನು ಹಾರ್ನ್ ಹೊಡೆದ. ಕಸ್ಮದಿ ಚೀಲ ಹೆಗಲಿಗೇರಿಸಿ ಹೋದ.

ಆ ಮಾತು ಯಾವುದೆಂದು ಹೇಳಿಬಿಡುತ್ತೇನೆ. ಸ್ಲಾಮೆತ್ ಬೆಟ್ಟದ ತಪ್ಪಲಿನಲ್ಲಿ ದಿನಾ ನಡೆಯುವ ನಮ್ಮ ಸಂತೆಯಲ್ಲಿ ತರಕಾರಿ ಮಾರುವವರಿಗೆ ಅರ್ಧ ಕೆಲಸ ತೂಗುವುದು, ಇನ್ನರ್ಧ ಕೆಲಸ ನೀರು ಚಿಮುಕಿಸುವುದು. ಹುಲ್ಲಿನ ಪೊರಕೆಯನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ಕೊಡವುತ್ತಲೇ ಇರಬೇಕು. ಕೊಂಚ ಮೈಮರೆತರೆ ಸೊಪ್ಪು ಕತ್ತು ಬಗ್ಗಿಸಿತು, ಗಿರಾಕಿ ಪಕ್ಕದ ಅಂಗಡಿಗೆ ನಡೆದ. ಈ ಕೆಲಸದಲ್ಲಿ ತರ್ಸಿನಾಳನ್ನು ಮೀರಿಸುವವರಿರಲಿಲ್ಲ. ಅವಳ ಎಲೆಕೋಸು ಮಧ್ಯಾಹ್ನದಲ್ಲೂ ಆಗತಾನೆ ಕಿತ್ತ ಹಾಗೆ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ಕಸ್ಮದಿ ಬಂದು, ಅವಳು ನೀರು ಚಿಮುಕಿಸಿ ಗೋಪುರ ಕಟ್ಟಿದ್ದ ರಾಶಿಯಿಂದ ಎರಡು ಎಲೆ ಎಳೆದ. ರಾಶಿ ಕುಸಿದು ಕೋಸುಗಳೆಲ್ಲ ಕೆಸರಿಗೆ ಉರುಳಿದವು.

"ಇದು ಗಿರಾಕಿಗೆ ಇಟ್ಟಿದ್ದು, ನಿನ್ನ ಮೊಲಕ್ಕಲ್ಲ," ಎಂದು ಅವಳು ಇಡೀ ಸಂತೆಗೆ ಕೇಳುವಂತೆ ಕೂಗಿದ್ದಳು. "ಮೊಲಕ್ಕೆ ಬಾಡಿದ್ದೇ ಸಾಕು, ಮೊಲ ಸಾಕೋನಿಗೂ ಬಾಡಿದ್ದೇ ಸಾಕು."

ಸಂತೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಕಸ್ಮದಿಯ ಕಿವಿ ಕೆಂಪಾಯಿತು. ಅದಾದ ಮೇಲೆ ಅವನು ಅವಳ ರಾಶಿಗೆ ಕೈ ಹಾಕಲೇ ಇಲ್ಲ. ಸಂತೆ ಮುಗಿಯುವ ಹೊತ್ತಿಗೆ ಬಂದು ಸೋತು ಮಲಗಿದ ಎಲೆಗಳನ್ನು ಆಯ್ದುಕೊಂಡು ಹೋಗುವನು. ಅವಳ ಮನಸ್ಸು ಕರಗಿ ಒಂದೆರಡು ಸಲ ಒಳ್ಳೆಯ ಸೊಪ್ಪನ್ನೇ ಕೊಟ್ಟರೆ, ಮರು ಮಾತಾಡದೆ ತಗೊಂಡು, ಮೊರದಲ್ಲಿ ಹರಡಿ ನೆರಳಲ್ಲಿಟ್ಟು, ಅದು ಬಾಡಿದ ಮೇಲೆಯೇ ಮೊಲಕ್ಕೆ ಹಾಕುವನು. ಎಂಥ ಹಟಮಾರಿ ಎಂದುಕೊಳ್ಳುವಳು ತರ್ಸಿನಾ. ಜಗಳ ತೆಗೆದರೆ ಬಗೆಹರಿಸಬಹುದು. ನಗುನಗುತ್ತ ಹಟ ಸಾಧಿಸುವವನ ಜೊತೆ ಏನು ಮಾಡುವುದು? ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು.

ಮೊಲದ ಕಥೆಯೂ ಚಿಕ್ಕದೇ. ಊರಾಚೆಯ ತಿರುವಿನಲ್ಲಿ ಲಿಕ್ ದುಲಾ ಎಂಬ ಮುದುಕ ಮೊಲದ ಮಾಂಸವನ್ನು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಟ್ಟು ಮಾರುತ್ತಾನೆ. ಹಿತ್ತಲಲ್ಲಿ ಮೊಲ ಸಾಕುವವನೂ ಅವನೇ. ಲಿಕ್ ಎಂದರೆ ಚಿಕ್ಕಪ್ಪ. ಅವನು ಇಡೀ ಊರಿಗೆ ಚಿಕ್ಕಪ್ಪ. ತಿನ್ನಲೆಂದು ಅಲ್ಲಿಗೆ ಹೋದ ಕಸ್ಮದಿ ಹರಿದ ಕಿವಿಯ ಒಂದು ಬಿಳಿ ಮರಿಯನ್ನು ಅಂಗಿಯೊಳಗಿಟ್ಟುಕೊಂಡು ಹಸಿದ ಹೊಟ್ಟೆಯಲ್ಲೇ ಮನೆಗೆ ಬಂದಿದ್ದ. ಮರಿ ಬೆಳೆದು ಹೊಟ್ಟೆ ಬಿಟ್ಟುಕೊಂಡು, ದಿನವಿಡೀ ಕೂತಲ್ಲೇ ಕೂತು ಬಾಯಾಡಿಸುತ್ತ, ಬಂದವರನ್ನೆಲ್ಲ ಅನುಮಾನದಿಂದ ನೋಡುವುದನ್ನು ಕಲಿತಾಗ ಅವನೇ ಪಾಕ್ ಲುರಾ ಎಂದು ಹೆಸರಿಟ್ಟ. ಪಾಕ್ ಎನ್ನುವುದು ಹಿರಿಯರಿಗೆ ಗೌರವದ ಕರೆ, ಲುರಾ ಎಂದರೆ ಊರಿನ ಪಟೇಲ. ನಿಜವಾದ ಪಟೇಲರು ಒಮ್ಮೆ ಆ ದಾರಿಯಲ್ಲಿ ಬರುವಾಗ ಈ ಹೆಸರು ಕೇಳಿ ತಿರುಗಿ ನೋಡಿದ್ದೂ ಉಂಟು.

ಕಸ್ಮದಿ ಹೋದ ಮೇಲೆ ತರ್ಸಿನಾ ಹೇಳಿದ್ದನ್ನು ಹೇಳಿದಂತೆ ನಡೆಸಿದಳು. ಹಡಗು ಯಾವುದಾದರೂ ಬಂದರು ಮುಟ್ಟಿದಾಗ ಅವನು ಫೋನ್ ಮಾಡುವನು. ಮೊದಲ ಪ್ರಶ್ನೆಯೇ ಪಾಕ್ ಲುರಾ ಹೇಗಿದ್ದಾರೆ ಎಂದು. "ಚೆನ್ನಾಗಿದ್ದಾರೆ, ಊರು ಹಾಳಾಗೋದನ್ನ ನೋಡ್ತಾ ಹುಲ್ಲು ತಿಂತಿದ್ದಾರೆ," ಎಂದು ಇವಳು ಹೇಳುವಳು. ಅವನ ನಗು ಸಮುದ್ರದ ಗಾಳಿಯಲ್ಲಿ ಒಡೆದು ಒಡೆದು ಕೇಳಿಸುವುದು.

ವರ್ಷ ತುಂಬುವ ಮೊದಲೇ, ಅವನನ್ನು ಹಡಗಿಗೆ ಕಳಿಸಿದ ಕಚೇರಿಯ ಒಬ್ಬ ಮನುಷ್ಯ ಬೈಕಿನಲ್ಲಿ ಬಂದ. ಜಗಲಿಯ ಅಂಚಿನಲ್ಲಿ ಕೂತು, ಚಹಾ ಮುಟ್ಟದೆ, ಜ್ವರ ಬಂದಿತ್ತಂತೆ, ದಡ ಬಹಳ ದೂರವಿತ್ತಂತೆ ಎಂದು ಅಂತೆ ಅಂತೆ ಎನ್ನುತ್ತಲೇ ಎಲ್ಲ ಹೇಳಿದ. ಹಡಗಿನವರು ಪ್ರಾರ್ಥನೆ ಓದಿ ದೇಹವನ್ನು ಸಮುದ್ರಕ್ಕೆ ಇಳಿಸಿದ್ದರು.

"ಎಲ್ಲಿ?" ಎಂದು ಕೇಳಿದಳು ತರ್ಸಿನಾ.

ಅವನು ಒಂದು ಮಹಾಸಾಗರದ ಹೆಸರು ಹೇಳಿದ.

"ಅದಲ್ಲ. ಯಾವ ಜಾಗದಲ್ಲಿ ಅಂತ ಕೇಳ್ತಿದ್ದೀನಿ."

ಅವನು ಜೇಬಿನಲ್ಲಿ ಬೈಕಿನ ಕೀಲಿ ತಡಕಾಡಿದ. ನೀರಿನ ಮೇಲೆ ಗುರುತು ಹಾಕಲು ಯಾರಿಂದಾಗುತ್ತದೆ? ಏಳು ಸಂಜೆ ಊರಿನ ಗಂಡಸರು ಬಂದು ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಿದರು, ಅನ್ನದ ಪೊಟ್ಟಣ ಹಿಡಿದು ಮನೆಗೆ ಹೋದರು. ಎಲ್ಲವೂ ಕ್ರಮವಾಗಿ ನಡೆಯಿತು, ಸಮಾಧಿಯೊಂದನ್ನು ಬಿಟ್ಟು. ತರ್ಸಿನಾಗೆ ಅಳು ಬರಲಿಲ್ಲ. ಅಳುವುದಕ್ಕೂ ಮನುಷ್ಯನಿಗೆ ಒಂದು ಜಾಗ ಬೇಕು ಅನ್ನಿಸುತ್ತದೆ ನನಗೆ.

ಎಂಟನೆಯ ದಿನ ಅವಳು ಸಂತೆಗೆ ಹೋದಳು. ಬರುವಾಗ ಬಾಡಿದ ಎಲೆಗಳನ್ನು ಅಲ್ಲೇ ಬಿಟ್ಟು, ಗಿರಾಕಿಗೆಂದು ಇಟ್ಟಿದ್ದ ಒಂದು ಎಳೆಯ ಎಲೆಯನ್ನು ತೊಳೆದು ತಂದು ಪಾಕ್ ಲುರಾನ ಮುಂದೆ ಇಟ್ಟಳು. ಇಷ್ಟು ವರ್ಷ ಕಸ್ಮದಿಯ ಮೊಲ ಅವಳ ಮಾತಿನಿಂದಾಗಿ ಬಾಡಿದ್ದನ್ನೇ ತಿಂದಿತ್ತು. ಇನ್ನು ಮೇಲೆ ತಿನ್ನಬಾರದು. ಅವನಿಗೆ ತಪ್ಪಾಯಿತು ಎನ್ನಲು ಉಳಿದ ದಾರಿ ಅದೊಂದೇ. ಹಕ್ಕಿ ಹಾಡುತ್ತಿತ್ತು, ಬೆಕ್ಕು ಊರು ಸುತ್ತುತ್ತಿತ್ತು, ಅವೆರಡೂ ಯಾರ ಮನೆಯಲ್ಲಾದರೂ ಬದುಕುತ್ತಿದ್ದವು. ಮೊಲ ಮಾತ್ರ ಕಸ್ಮದಿ ಸಾವಿನ ಬಾಯಿಂದ ಬಿಡಿಸಿ ತಂದದ್ದು. ಇದನ್ನಾದರೂ ಚೆನ್ನಾಗಿ ಉಳಿಸಿಕೊಳ್ಳಬೇಕು ಎಂದು ಅವಳು ಪಟ್ಟು ಹಿಡಿದಳು. ಪಾಕ್ ಲುರಾ ಆ ಎಲೆಯನ್ನು ಮೂಸಿ, ಕಣ್ಣು ಅರೆ ಮುಚ್ಚಿ, ಬುಡದವರೆಗೂ ತಿಂದ. ಅವಳಿಗೆ ಎಷ್ಟೋ ದಿನದ ಮೇಲೆ ತುಟಿಯಂಚಿನಲ್ಲಿ ನಗು ಬಂತು.

ಹೀಗೆ ಒಂದೊಂದು ಎಲೆಯಲ್ಲಿ ನಡೆಯುತ್ತಿತ್ತು. ಅಷ್ಟರಲ್ಲಿ ಉಪವಾಸದ ತಿಂಗಳು ಹತ್ತಿರ ಬಂತು. ಅದಕ್ಕೆ ಮೊದಲು ನಮ್ಮ ಕಡೆ ಎಲ್ಲರೂ ತಮ್ಮವರ ಸಮಾಧಿಯ ಹುಲ್ಲು ಕಿತ್ತು, ಗುಡಿಸಿ, ಹೂ ಚೆಲ್ಲಿ ಬರುತ್ತಾರೆ. ಸಂತೆಯಲ್ಲಿ ತರ್ಸಿನಾಳ ಪಕ್ಕದಲ್ಲೇ ಯು ರೋಕ್ಯಾ ಕೂರುವುದು. ಯು ಎಂದರೆ ಅಕ್ಕ. ವರ್ಷವಿಡೀ ಮೆಣಸಿನಕಾಯಿ ಮಾರುವ ರೋಕ್ಯಾ ಆ ವಾರ ಮಾತ್ರ ಹೂ ಮಾರುತ್ತಾಳೆ: ಗುಲಾಬಿಯ ಪಕಳೆ, ಮಲ್ಲಿಗೆ, ಹಸಿರು ಕೆನಾಂಗ ಹೂ ಬೆರೆಸಿ ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣ. ಗುರುವಾರ ಬೆಳಿಗ್ಗೆಯಿಂದ ಜನವೋ ಜನ. ರೋಕ್ಯಾ ಕೈ ಬಿಡುವಿಲ್ಲದೆ ಕಟ್ಟುತ್ತ, ಬಂದವರಿಗೆ ಕೊಡುತ್ತ, ಅದೇ ಓಘದಲ್ಲಿ ಒಂದು ಪೊಟ್ಟಣವನ್ನು ತರ್ಸಿನಾಳ ಮಡಿಲಿಗೂ ಹಾಕಿದಳು.

"ತಗೋ ತರ್ಸಿ, ಕಸ್ಮದಿಗೆ," ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು.

ತರ್ಸಿನಾ ಪೊಟ್ಟಣವನ್ನು ತಿರುಗಿಸಿ ನೋಡಿದಳು. "ಎಲ್ಲಿ ಹಾಕ್ಲಿ, ಯು? ಚರಂಡಿಗಾ?"

"ಹಾಗನ್ಬೇಡ ಕಣೇ. ಹೊಳೆಗೆ ಬಿಡು. ಹೊಳೆ ಸಮುದ್ರಕ್ಕೇ ತಾನೇ ಹೋಗೋದು?"

"ಯಾವ ಸಮುದ್ರಕ್ಕೆ? ಅವನಿರೋ ಕಡೆಗೆ ಹೋಗ್ತದೆ ಅಂತ ನಿಂಗ್ಯಾರು ಹೇಳಿದ್ರು?" ಅವಳು ಪೊಟ್ಟಣವನ್ನು ರೋಕ್ಯಾಳ ಬುಟ್ಟಿಗೆ ಹಿಂದಕ್ಕಿಟ್ಟಳು. "ಬೇರೆಯವರಿಗೆ ಕೊಡು. ಜಾಗ ಇರೋರಿಗೆ."

ರೋಕ್ಯಾ ತಲೆ ತಗ್ಗಿಸಿ ಹೂ ಕಟ್ಟುತ್ತ ಕೂತಳು. ಪೊಟ್ಟಣ ಕೊಂಡವರು ತರ್ಸಿನಾಳ ರಾಶಿಯ ಮುಂದಿನಿಂದಲೇ ಸ್ಮಶಾನದ ದಾರಿ ಹಿಡಿದು ಹೋಗುತ್ತಿದ್ದರು. ಅತ್ತೆಯನ್ನು ಬದುಕಿರುವಾಗ ಒಂದು ಲೋಟ ನೀರಿಗೂ ಕಾಯಿಸಿದ್ದ ಹೆಂಗಸೂ ಒಂದು ಪೊಟ್ಟಣ ಹಿಡಿದು ಹೋದಳು. ತರ್ಸಿನಾಗೆ ಹೊಟ್ಟೆಯೊಳಗೆ ಏನೋ ಉರಿಯತೊಡಗಿತು. ಅದು ಹೊಟ್ಟೆಕಿಚ್ಚೇ. ಗಂಡ ಸತ್ತವಳಿಗೆ ಮಣ್ಣಿನ ದಿಬ್ಬವಿರುವವರ ಮೇಲೂ ಹೊಟ್ಟೆಕಿಚ್ಚು ಬರುತ್ತದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಂತೆ ಮುಗಿಯುವ ಮೊದಲೇ ಅವಳು ಎದ್ದಳು. ರಾಶಿಯಲ್ಲಿದ್ದ ಅತ್ಯುತ್ತಮ ಎಲೆಕೋಸನ್ನು ಆರಿಸಿದಳು, ಮೇಲೆ ಎಳೆಯ ಸಾಸಿವೆ ಸೊಪ್ಪಿನ ಎರಡು ಕಟ್ಟು ಹಾಕಿಕೊಂಡಳು. ಬುಟ್ಟಿಯ ಮೇಲೆ ಪೊರಕೆಯಿಂದ ಮತ್ತೊಮ್ಮೆ ನೀರು ಚಿಮುಕಿಸಿದಳು. ಎಲ್ಲರೂ ತಮ್ಮವರಿಗೆ ಕೊಡುವ ದಿನ ತಾನೊಬ್ಬಳು ಯಾಕೆ ಬರಿಗೈಯಲ್ಲಿ ಕೂರಬೇಕು? ಮನೆಗೆ ಬಂದವಳೇ ಕೋಸಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ, ನಡುವಿನ ಬಿಳಿ ಗಡ್ಡೆಯನ್ನು ಹೋಳು ಮಾಡಿ, ಗೂಡಿನ ತುಂಬ ಹರಡಿದಳು. ಅಂದು ಹುಲ್ಲು ಕೊಯ್ಯಲು ಹೋಗಲೂ ಇಲ್ಲ. ಹಬ್ಬದೂಟದ ದಿನ ಹುಲ್ಲು ಯಾರಿಗೆ ಬೇಕು?

"ತಿನ್ನಿ, ಪಾಕ್ ಲುರಾ," ಎಂದಳು. "ಇವತ್ತು ಬಾಡಿದ್ದಿಲ್ಲ. ಅವನಿಗೆ ಹೇಳಿ, ತರ್ಸಿ ಒಳ್ಳೇದೇ ಕೊಟ್ಲು ಅಂತ."

ಪಾಕ್ ಲುರಾ ಇಡೀ ಸಂಜೆ ತಿಂದ. ನೀರು ತೊಟ್ಟಿಕ್ಕುವ ಎಲೆಗಳು ಅವನ ಹಲ್ಲಿನ ಕೆಳಗೆ ಕರುಂ ಕುರುಂ ಎನ್ನುವುದನ್ನು ಕೇಳುತ್ತ ಅವಳು ಗೂಡಿನ ಪಕ್ಕದಲ್ಲೇ ಕೂತಿದ್ದಳು. ದೂರದ ಸ್ಮಶಾನದಿಂದ ಪ್ರಾರ್ಥನೆಯ ದನಿ ಬರುತ್ತಿತ್ತು. ಅವಳ ಮನಸ್ಸು ತಿಳಿಯಾಗಿತ್ತು.

ಬೆಳಗಾಗುವಾಗ ಮೊಲ ಗೂಡಿನ ಮೂಲೆಯಲ್ಲಿ ಮುದುಡಿ ಕೂತಿತ್ತು. ಸೌತೆಕಾಯಿ ತುಂಡು ಹಿಡಿದರೆ ಮೂತಿ ತಿರುಗಿಸಿತು. ಹಲ್ಲು ಕಟಕಟ ಕಡಿಯುತ್ತಿತ್ತು. ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಎತ್ತಿಕೊಂಡರೆ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ತರ್ಸಿನಾ ಹೆಗಲ ವಸ್ತ್ರದಲ್ಲಿ ಮೊಲವನ್ನು ಮಗುವಿನಂತೆ ಕಟ್ಟಿಕೊಂಡು ಊರಾಚೆಯ ತಿರುವಿಗೆ ಓಡಿದಳು. ಮೊಲದ ವಿಷಯ ಗೊತ್ತಿದ್ದವನು ಊರಿಗೆ ಅವನೊಬ್ಬನೇ, ಮೊಲ ಸುಟ್ಟು ಮಾರುವವನು. ಇದೆಂಥ ವಿಚಿತ್ರ ಎಂದು ಯೋಚಿಸುವಷ್ಟು ಪುರಸೊತ್ತು ಅವಳಿಗಿರಲಿಲ್ಲ.

ಲಿಕ್ ದುಲಾ ಇದ್ದಿಲು ಹೊತ್ತಿಸುತ್ತಿದ್ದ. ಅವಳ ಮುಖ ನೋಡಿದವನೇ ಬೀಸಣಿಗೆ ಕೆಳಗಿಟ್ಟು, ಬೆಂಚಿನ ಮೇಲೆ ಗೋಣಿ ಹಾಸಿ, ಮೊಲವನ್ನು ಮಲಗಿಸಿ, ಮಸಿಗೈಯನ್ನು ಲುಂಗಿಗೆ ಒರೆಸಿಕೊಂಡು ಹೊಟ್ಟೆ ಒತ್ತಿ ನೋಡಿದ.

"ಏನು ಹಾಕ್ದೆ?"

"ಒಳ್ಳೇದೇ ಹಾಕ್ದೆ ಲಿಕ್. ಎಲ್ಲಕ್ಕಿಂತ ಒಳ್ಳೇದನ್ನೇ ಆರಿಸಿ ಹಾಕ್ದೆ."

"ಅದೇ, ಏನು?"

"ಎಲೆಕೋಸು. ಸಾಸಿವೆ ಸೊಪ್ಪು. ನೀರು ಹಾಕಿ ಇಟ್ಟಿದ್ದು, ಹಸಿ ಹಸೀದು."

"ಎಷ್ಟು?"

ಅವಳು ಎರಡೂ ಕೈ ಅಗಲಿಸಿ ತೋರಿಸಿದಳು. ಮುದುಕ ಕಣ್ಣು ಮುಚ್ಚಿಕೊಂಡ.

"ಹುಲ್ಲು?"

"ನಿನ್ನೆ ಹಾಕಿಲ್ಲ."

ಅವನು ಹಣೆ ಚಚ್ಚಿಕೊಳ್ಳಲಿಲ್ಲ, ಬೈಯಲಿಲ್ಲ. ಬೆಂಚನ್ನು ಒಲೆಯ ಹತ್ತಿರಕ್ಕೆ ಎಳೆದು, ಅಂಗೈ ಕಾಯಿಸಿಕೊಂಡು, ಮೊಲದ ಹೊಟ್ಟೆಯನ್ನು ಮೆಲ್ಲಗೆ ಕೆಳಮುಖವಾಗಿ ನೀವತೊಡಗಿದ. "ಇವಕ್ಕೆ ಹುಲ್ಲೇ ಅನ್ನ ಕಣಮ್ಮ," ಎಂದ. "ಕೋಸು ಅಂದ್ರೆ ಉಪ್ಪಿನಕಾಯಿ ಇದ್ದ ಹಾಗೆ, ಒಂದು ಎಲೆ. ಅದನ್ನೂ ಮೊರದಲ್ಲಿ ಹರಡಿ, ನೀರು ಆರಿ, ಬಾಡಿದ ಮೇಲೆ. ಇಲ್ದಿದ್ರೆ ಹೊಟ್ಟೆ ಉಬ್ಬುತ್ತೆ. ತೇಗು ಬರಲ್ಲ, ವಾಂತಿ ಬರಲ್ಲ ಇವಕ್ಕೆ, ಒಳಗೇ ಸಿಕ್ಕಿಹಾಕ್ಕೊಳ್ತವೆ. ಕಸ್ಮದಿ ನಿಂಗೆ ಹೇಳ್ಲಿಲ್ವಾ?"

"ಹೇಳಿದ್ದ," ಅಂದಳು ತರ್ಸಿನಾ. "ಆದ್ರೆ ಅದು... ನಾನು ಒಂದ್ಸಲ ಸಂತೆ ತುಂಬ ಕೂಗಾಡಿದ್ದೆ. ಮೊಲಕ್ಕೆ ಬಾಡಿದ್ದೇ ಸಾಕು ಅಂದಿದ್ದೆ. ಆ ಸಿಟ್ಟಿಗೆ ಅವನು ಬಾಡಿದ್ದನ್ನೇ ಹಾಕ್ತಿದ್ದ ಅಂತ..."

ಲಿಕ್ ದುಲಾನ ಕೈ ನಿಂತಿತು. "ಸಿಟ್ಟಾ? ಯಾರಿಗೆ, ಕಸ್ಮದಿಗಾ? ಆ ಕಥೆನ ಈ ಬೆಂಚಿನ ಮೇಲೆ ಕೂತು ಎಷ್ಟು ಸಲ ಹೇಳಿದಾನೆ ಅಂತ ಗೊತ್ತಾ ನಿಂಗೆ? ಕೋಸು ಕೆಸರಿಗೆ ಉರುಳಿದ್ದು, ನೀನು ಕೂಗಿದ್ದು, ಎಲ್ಲ ಅಭಿನಯ ಮಾಡಿ ತೋರಿಸ್ತಿದ್ದ. ನಗ್ತಾ ನಗ್ತಾ ಚಹಾ ಮೂಗಿಗೆ ಹತ್ತೋದು ಅವನಿಗೆ. ಬಾಡಿಸಿ ಹಾಕು ಅಂತ ಹೇಳ್ಕೊಟ್ಟೋನು ನಾನು. ಅವತ್ತು ಸಂತೆಯಿಂದ ನೇರ ಇಲ್ಲಿಗೇ ಬಂದಿದ್ದ, ಆಗ್ಲೇ ಹೇಳ್ಕೊಟ್ಟೆ. 'ಲಿಕ್, ನಾನು ಹಸೀದು ಹಾಕೋಕೆ ಹೋಗಿದ್ದೆ. ನನ್ನ ಹೆಂಡ್ತಿ ಬೈದಿದ್ದಕ್ಕೆ ನನ್ನ ಮೊಲ ಉಳೀತು' ಅಂದ. ಸಾಯೋ ತನಕ ಅವಳ ಬೈಗುಳ ತಿಂತೀನಿ, ಅದರಲ್ಲಿ ಬಾಡಿದ್ದು ಒಂದೂ ಇರಲ್ಲ ಅಂತಿದ್ದ ಕಣಮ್ಮ."

ತರ್ಸಿನಾ ಬೆಂಚಿನ ತುದಿಯಲ್ಲಿ ಕೂತಳು. ಇಷ್ಟು ವರ್ಷ ಅವಳು ಹೊತ್ತು ತಿರುಗಿದ ಭಾರ ಅವನ ಎದೆಯಲ್ಲಿ ಇರಲೇ ಇಲ್ಲ. ಅವನು ಸಿಟ್ಟಾಗಿರಲಿಲ್ಲ, ಹಟ ಹಿಡಿದಿರಲಿಲ್ಲ. ಹೊರಟ ಬೆಳಿಗ್ಗೆ ಹೇಳಿದ್ದು ಚುಚ್ಚುಮಾತಾಗಿರಲಿಲ್ಲ, ಮೊಲದ ಊಟದ ಮಾತೇ ಆಗಿತ್ತು. ಇಲ್ಲದ ತಪ್ಪಿಗೆ ದಂಡ ಕಟ್ಟಲು ಹೋಗಿ, ಅವನು ಬಿಟ್ಟುಹೋದ ಜೀವವನ್ನು ಅವಳು ತನ್ನ ಕೈಯಾರೆ ಸಾವಿನ ಬಾಯಿಗೆ ತಳ್ಳಿದ್ದಳು.

"ಔಷಧಿ ಏನಾದ್ರೂ..." ಅಂದಳು.

"ಹೊತ್ತು ಮೀರಿದೆ, ತಾಯಿ. ತೊಡೆ ಮೇಲೆ ಇಟ್ಕೋ. ಬೆಚ್ಚಗಿರಲಿ."

ಕಡ್ಡಿಯ ಮಾಂಸ ತಿನ್ನಲು ಇಬ್ಬರು ಗಿರಾಕಿಗಳು ಬೈಕ್ ನಿಲ್ಲಿಸಿದರು. ಲಿಕ್ ದುಲಾ ಕತ್ತೆತ್ತದೆ, "ಇವತ್ತು ಅಂಗಡಿ ಇಲ್ಲ, ಹೋಗಿ," ಎಂದ. ಒಲೆಯಲ್ಲಿ ಕೆಂಡ ಕಾದಿತ್ತು, ಕಡ್ಡಿಗೆ ಪೋಣಿಸಿದ ಮಾಂಸ ತಟ್ಟೆಯಲ್ಲಿತ್ತು. ಅವರು ಅದನ್ನು ನೋಡಿದರು, ಬೆಂಚಿನ ಮೇಲಿದ್ದ ಹೆಂಗಸನ್ನು ನೋಡಿದರು, ಬೈಕ್ ತಿರುಗಿಸಿಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲೇ ಪಾಕ್ ಲುರಾ ಕಾಲುಗಳನ್ನು ಉದ್ದಕ್ಕೆ ಚಾಚಿದ. ಹರಿದ ಕಿವಿ ಅವಳ ಮುಂಗೈ ಮೇಲೆ ಮಡಚಿ ಬಿದ್ದುಕೊಂಡಿತು.

ಮನೆಯ ಹಿತ್ತಲಲ್ಲಿ, ಸೀಬೆಮರದ ಕೆಳಗೆ, ಲಿಕ್ ದುಲಾನೇ ಗುಂಡಿ ತೋಡಿದ. ಜೀವನವಿಡೀ ಮೊಲದ ಚರ್ಮ ಸುಲಿದ ಮುದುಕ ಅದನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತುವಾಗ ಗಂಟು ಬಿಗಿಯಾಗದಂತೆ ನೋಡಿಕೊಂಡ. ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಸಣ್ಣ ದಿಬ್ಬ ಮಾಡಿ, ಕೈ ತೊಳೆದು, ಹೇಳದೆ ಹೊರಟುಹೋದ.

ತರ್ಸಿನಾ ಆ ದಿಬ್ಬವನ್ನು ನೋಡುತ್ತ ನಿಂತಳು. ಮೊರದಷ್ಟೂ ಅಗಲವಿರಲಿಲ್ಲ. ಆದರೆ ಅದು ಮಣ್ಣಾಗಿತ್ತು, ಒಂದು ಜಾಗವಾಗಿತ್ತು, ಅಲ್ಲಿ ಕಸ್ಮದಿಯದ್ದು ಏನೋ ಇತ್ತು. ಇಷ್ಟು ದಿನ ಎಲ್ಲಿಯೋ ಸಿಕ್ಕಿಕೊಂಡಿದ್ದ ಅಳು ಆಗ ಬಂತು. ಮೊದಲು ಸದ್ದಿಲ್ಲದೆ, ಆಮೇಲೆ ಬೇಲಿಯಾಚೆಗೆ ಕೇಳುವಷ್ಟು. ಅವಳು ಮೊಣಕಾಲೂರಿ ಎರಡೂ ಕೈಯಿಂದ ಆ ಮಣ್ಣನ್ನು ಹಿಡಿದುಕೊಂಡಳು.

"ನೀನು ಹೇಳಿದ್ದೆ ಕಾಂಗ್," ಎಂದಳು. "ಹೇಳಿದ್ದೆ ನೀನು. ನಾನು ಬೇರೆ ಏನೋ ಅಂದ್ಕೊಂಡೆ."

ಸಂತೆಯಲ್ಲಿ ತರ್ಸಿನಾಳ ಜಾಗ ಖಾಲಿ ಇದ್ದದ್ದು ನೋಡಿ ರೋಕ್ಯಾ ಹುಡುಕಿಕೊಂಡು ಬಂದಿದ್ದಳು. ಅಳು ಕೇಳಿ ಪಕ್ಕದ ಮನೆಯ ಮುದುಕಿಯೂ ಬೇಲಿಗೆ ಬಂದಿದ್ದಳು. ದಿಬ್ಬ ನೋಡಿ, ಖಾಲಿ ಗೂಡು ನೋಡಿ, ರೋಕ್ಯಾಗೆ ಅರ್ಥವಾಯಿತು. ಬುಟ್ಟಿಯಲ್ಲಿ ನಿನ್ನೆಯ ಒಂದು ಪೊಟ್ಟಣ ಉಳಿದಿತ್ತು. ಅದನ್ನು ಬಿಚ್ಚಿ, ಬಾಳೆಲೆಯನ್ನು ಹಾಗೇ ತರ್ಸಿನಾಳ ಮುಂದೆ ಹಿಡಿದಳು. ಪಕಳೆಗಳ ಅಂಚು ಕಂದಿತ್ತು.

"ಬಾಡಿದೆ ಕಣೇ," ಎಂದಳು ಸಂಕೋಚದಿಂದ.

"ಇರ್ಲಿ, ಯು. ಬಾಡಿದ್ದೇ ಕೊಡು."

ತರ್ಸಿನಾ ಹಿಡಿ ಹಿಡಿಯಾಗಿ ಹೂ ಚೆಲ್ಲಿದಳು, ತಲೆಯ ಕಡೆಯಿಂದ ಕಾಲಿನ ಕಡೆಗೆ, ಎಲ್ಲರೂ ಚೆಲ್ಲುವ ಹಾಗೆಯೇ. ಬೇಲಿಯಾಚೆಯ ಮುದುಕಿ, "ಮೊಲಕ್ಕೆ ಯಾರಾದ್ರೂ ಹೂ ಹಾಕ್ತಾರಾ?" ಎಂದು ಬಾಯಿ ತೆಗೆದಳು.

"ಮೊಲಕ್ಕೆ ಅಂತ ನಿಂಗ್ಯಾರು ಹೇಳಿದ್ರು?" ಎಂದಳು ರೋಕ್ಯಾ.

ಮುಂದಿನ ಗುರುವಾರ ಹೂವಿನ ಗಿರಾಕಿಗಳು ಇರಲಿಲ್ಲ; ಉಪವಾಸ ಶುರುವಾಗಿತ್ತು, ರೋಕ್ಯಾ ಮೆಣಸಿನಕಾಯಿಗೆ ಮರಳಿದ್ದಳು. ಆದರೂ ಅವಳ ಬುಟ್ಟಿಯ ಮೂಲೆಯಲ್ಲಿ ಬಾಳೆಲೆಯ ಒಂದು ಪೊಟ್ಟಣವಿತ್ತು. ಸಂತೆ ಮುಗಿದ ಮೇಲೆ ತರ್ಸಿನಾ ಅದನ್ನು ಕೇಳಿ ತಗೊಂಡು, ಪಿಕಳಾರಕ್ಕೆ ಒಂದು ಸೌತೆಕಾಯಿಯನ್ನೂ ಆರಿಸಿಕೊಂಡು, ಮನೆಯ ದಾರಿ ಹಿಡಿದಳು.